ನಡೆಯುತ್ತಿರುವ ಬೇಕರಿ ಮಾರಬೇಕಾ? ಒಂದು ವರ್ಷ ಮುಂಚೆಯಿಂದ ಮಾಡಬೇಕಾದ ಕೆಲಸಗಳು

ವಯಸ್ಸಾಯ್ತು, ಮಕ್ಕಳಿಗೆ ಅಂಗಡಿಯಲ್ಲಿ ಆಸಕ್ತಿ ಇಲ್ಲ, ಊರಿಗೆ ವಾಪಸ್ ಹೋಗಬೇಕು, ಅಥವಾ ಬೆಳಗ್ಗೆ ಐದಕ್ಕೆ ಶಟರ್ ಎತ್ತಿ ರಾತ್ರಿ ಹತ್ತಕ್ಕೆ ಇಳಿಸುವ ಶಕ್ತಿ ಈಗಿಲ್ಲ. ಬೇಕರಿ ಮಾರಲು ಕಾರಣ ಏನೇ ಇರಲಿ, ಹೆಚ್ಚಿನವರು ಮಾಡುವುದು ಒಂದೇ. ಇವತ್ತು ಮನಸ್ಸು ಮಾಡಿ, ನಾಳೆ ಬ್ರೋಕರ್‌ಗೆ ಫೋನ್ ಹಚ್ಚಿ, ತಿಂಗಳೊಳಗೆ ಮುಗಿಸಿಬಿಡೋಣ ಅಂತ ಹೊರಡುತ್ತಾರೆ. ನೋಡಲು ಬಂದ ಪಾರ್ಟಿಗೆ ಈ ಅವಸರ ಮೊದಲ ಐದು ನಿಮಿಷದಲ್ಲೇ ಗೊತ್ತಾಗುತ್ತದೆ. ಆಮೇಲೆ ಗುಡ್‌ವಿಲ್, ಅಂದರೆ ಅಂಗಡಿಯ ಹೆಸರಿಗೂ ಕಾಯಂ ಗಿರಾಕಿಗೂ ಸಿಗುವ ಬೆಲೆ, ಅದರ ಮಾತೇ ಇಲ್ಲ. ಓವನ್ನು, ಮಿಕ್ಸರ್ರು, ಕೌಂಟರ್‌ಗಳಿಗೆ ಗುಜರಿ ರೇಟಿಗಿಂತ ಸ್ವಲ್ಪ ಮೇಲೆ ಕೊಟ್ಟು ಇಡೀ ಅಂಗಡಿ ತೆಗೆದುಕೊಳ್ಳುತ್ತಾರೆ. ವರ್ಷಗಟ್ಟಲೆ ಬೆವರು ಸುರಿಸಿ ಕಟ್ಟಿದ್ದು ಹೀಗೆ ಹೋಗಬಾರದು.

ಓವನ್ ಮಾರುಕಟ್ಟೆಯಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. ನಿಮ್ಮ ಹತ್ತಿರ ಮಾತ್ರ ಸಿಗುವುದು ಒಂದಿದೆ: ನಾಳೆಯಿಂದ ಗಲ್ಲಾದಲ್ಲಿ ಬೇರೆಯವರು ಕೂತರೂ ಇದೇ ವ್ಯಾಪಾರ ಆಗುತ್ತದೆ ಅನ್ನುವ ಭರವಸೆ. ಆ ಭರವಸೆಯನ್ನು ಕಾಗದದಲ್ಲಿ ತೋರಿಸುವ ಹಾಗೆ ಮಾಡಿಕೊಳ್ಳುವುದೇ ತಯಾರಿ. ಅದಕ್ಕೆ ಒಂದು ವರ್ಷ ಬೇಕು, ಆರು ತಿಂಗಳಾದರೂ ಬೇಕೇ ಬೇಕು.

ಬೆಂಗಳೂರಿನ ಬಾಡಿಗೆ ಮಳಿಗೆಯಲ್ಲಿ, ಒಬ್ಬರ ಹೆಸರಿನಲ್ಲಿ ನಡೆಯುವ ಬೇಕರಿಯನ್ನೇ ಇಟ್ಟುಕೊಂಡು ಬರೆದಿದ್ದೇನೆ. ದರ್ಶಿನಿ, ಕಾಂಡಿಮೆಂಟ್ಸ್, ಪ್ರಾವಿಷನ್ ಸ್ಟೋರ್ ಇಟ್ಟವರಿಗೂ ಬಹಳಷ್ಟು ಹೊಂದುತ್ತದೆ. ಅಣ್ಣತಮ್ಮಂದಿರು ಅಥವಾ ಸ್ನೇಹಿತರು ಪಾಲುದಾರರಾಗಿದ್ದರೆ ಎಲ್ಲರೂ ಒಪ್ಪಿ ಸಹಿ ಹಾಕಬೇಕು. ಆ ಮಾತನ್ನು ಮೊದಲು ಮನೆಯೊಳಗೆ ಮುಗಿಸಿಕೊಳ್ಳಿ, ಪಾರ್ಟಿ ಮುಂದೆ ಜಗಳ ಬೇಡ.

ಹಂತ 1: ಮೊದಲು ಬಿಲ್ಡಿಂಗ್ ಮಾಲೀಕರ ಹತ್ತಿರ ಮಾತಾಡಿ

ಎಲ್ಲರೂ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಮಾತುಕತೆ ಮುಗಿದು, ಟೋಕನ್ ಅಡ್ವಾನ್ಸ್ ಕೈಗೆ ಬಂದ ಮೇಲೆ ಮಾಲೀಕರ ಮನೆಗೆ ಹೋಗಿ "ಸಾರ್, ಅಂಗಡಿ ಬೇರೆಯವರಿಗೆ ಕೊಡ್ತಾ ಇದ್ದೀನಿ" ಅಂದಾಗ ಅವರು ಬಾಡಿಗೆಯನ್ನು ಒಂದೇ ಸಲ ಏರಿಸುತ್ತಾರೆ, ಅಥವಾ ಗುಡ್‌ವಿಲ್‌ನಲ್ಲಿ ತಮಗೂ ಪಾಲು ಕೇಳುತ್ತಾರೆ, ಅಥವಾ "ನಮ್ಮ ಹುಡುಗನೇ ಅಲ್ಲಿ ಏನೋ ಮಾಡ್ಬೇಕು ಅಂತಿದ್ದಾನೆ, ನೀವು ಖಾಲಿ ಮಾಡಿಕೊಡಿ" ಅಂದುಬಿಡುತ್ತಾರೆ. ಅಲ್ಲಿಗೆ ವ್ಯವಹಾರ ಮುರಿಯಿತು. ಬಾಡಿಗೆ ಅಂಗಡಿಯಲ್ಲಿ ಜಾಗ ನಿಮ್ಮದಲ್ಲ. ಹೆಚ್ಚಿನ ಕರಾರುಗಳಲ್ಲಿ ಮಾಲೀಕರ ಒಪ್ಪಿಗೆ ಇಲ್ಲದೆ ಒಳಬಾಡಿಗೆಗಾಗಲಿ ಬೇರೆಯವರಿಗಾಗಲಿ ಕೊಡುವ ಹಾಗಿಲ್ಲ ಅಂತ ಸ್ಪಷ್ಟವಾಗಿಯೇ ಬರೆದಿರುತ್ತಾರೆ. ನಿಮ್ಮ ಕರಾರು ತೆಗೆದು ಓದಿ.

ಇನ್ನೊಂದು ತೊಡಕು ಅವಧಿಯದು. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಕರಾರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು, ಅದಕ್ಕೇ ಎಲ್ಲರೂ 11 ತಿಂಗಳಿಗೆ ಬರೆಸಿಕೊಂಡು ವರ್ಷಗಟ್ಟಲೆ ಹಾಗೇ ಎಳೆಯುತ್ತಾರೆ. ನಿಮಗೆ ಅದು ನಡೆದುಹೋಯಿತು, ನಿಜ. ಆದರೆ ಹತ್ತು ಲಕ್ಷ ಗುಡ್‌ವಿಲ್ಲೂ ಸಾಮಾನೂ ಅಂತ ಸುರಿಯುವವರು "11 ತಿಂಗಳಾದ ಮೇಲೆ ಎಬ್ಬಿಸಿಬಿಟ್ಟರೆ?" ಅಂತ ಕೇಳುತ್ತಾರೆ, ಕೇಳಲೇಬೇಕು. ಹೊಸಬರಿಗೆ ಮೂರು ಅಥವಾ ಐದು ವರ್ಷದ ನೋಂದಾಯಿತ ಕರಾರು ಮಾಡಿಕೊಡಲು ಮಾಲೀಕರು ಒಪ್ಪಿದ್ದಾರೆ ಅಂದರೆ ನಿಮ್ಮ ಅಂಗಡಿಯ ಬೆಲೆ ಅವತ್ತೇ ಏರಿತು. ನನ್ನ ಪ್ರಕಾರ ಇಡೀ ತಯಾರಿಯಲ್ಲಿ ಇದಕ್ಕಿಂತ ಲಾಭದ ಕೆಲಸ ಬೇರೆ ಇಲ್ಲ.

ಹೋಗುವಾಗ ನಾಲ್ಕು ಪ್ರಶ್ನೆ ಇಟ್ಟುಕೊಂಡು ಹೋಗಿ. ಹೊಸ ಬಾಡಿಗೆದಾರರಿಗೆ ಒಪ್ಪಿಗೆಯಾ? ಬಾಡಿಗೆ ಎಷ್ಟು ಮಾಡುತ್ತೀರಿ? ಎಷ್ಟು ವರ್ಷಕ್ಕೆ ಕೊಡುತ್ತೀರಿ? ನನ್ನ ಅಡ್ವಾನ್ಸ್ ಹೇಗೆ ವಾಪಸ್ ಕೊಡುತ್ತೀರಿ? ಉತ್ತರವನ್ನು ಒಂದು ಕಾಗದದಲ್ಲಿ ಬರೆಸಿಕೊಳ್ಳಿ, ಆಗಲ್ಲ ಅಂದರೆ ವಾಟ್ಸಾಪ್‌ನಲ್ಲಾದರೂ ಬರಲಿ. ಬಾಡಿಗೆ ಬಾಕಿ ಇದ್ದರೆ ತೀರಿಸಿಯೇ ಈ ಮಾತು ಎತ್ತಿ.

ಹಂತ 2: ಹನ್ನೆರಡು ತಿಂಗಳ ನಿಜವಾದ ಲೆಕ್ಕ

"ಲೆಕ್ಕದಲ್ಲಿ ಇಷ್ಟು, ನಿಜವಾಗಿ ಇದರ ಡಬಲ್" ಅನ್ನುವ ಮಾತನ್ನು ಪಾರ್ಟಿ ಹತ್ತಿರ ಆಡಲೇಬೇಡಿ. ಸರ್ಕಾರಕ್ಕೆ ಒಂದು ಲೆಕ್ಕ ಹೇಳಿದವರು ತನಗೆ ಇನ್ನೊಂದು ಹೇಳುತ್ತಿದ್ದಾರೆ ಅಂತಲೇ ಅವರು ಅಂದುಕೊಳ್ಳುತ್ತಾರೆ. ಜಾಣರಾದವರು ನಿಮ್ಮ ಬಾಯಿಮಾತು ಬಿಟ್ಟು ಮೈದಾ ಮೂಟೆ ಎಣಿಸುತ್ತಾರೆ. ತಿಂಗಳಿಗೆ ಎಷ್ಟು ಮೂಟೆ ಮೈದಾ, ಎಷ್ಟು ಸಕ್ಕರೆ, ಎಷ್ಟು ಡಾಲ್ಡಾ ಬಂತು, ಕರೆಂಟ್ ಬಿಲ್ ಎಷ್ಟು ಅಂತ ನೋಡಿದರೆ ಬೇಕರಿ ಗೊತ್ತಿರುವವರಿಗೆ ವ್ಯಾಪಾರ ಎಷ್ಟು ಅನ್ನುವುದು ಸರಿಯಾಗಿ ಗೊತ್ತಾಗುತ್ತದೆ. ಹಾಗಾಗಿ ಖರೀದಿ ಬಿಲ್‌ಗಳನ್ನು ತಿಂಗಳವಾರು ಫೈಲ್ ಮಾಡಿಡಿ. ಪ್ರತಿ ರಾತ್ರಿ ನಗದು ಎಷ್ಟು, ಯುಪಿಐ ಎಷ್ಟು ಅಂತ ಒಂದು ಪುಸ್ತಕದಲ್ಲಿ ಬರೆಯಿರಿ. ಮನೆ ಖರ್ಚಿಗೆ ಗಲ್ಲಾದಿಂದ ತೆಗೆಯುವುದನ್ನು ಬೇರೆ ಕಾಲಂನಲ್ಲಿ ಹಾಕಿ, ಮಗಳ ಸ್ಕೂಲ್ ಫೀಸು ಅಂಗಡಿ ಖರ್ಚಿನಲ್ಲಿ ಸೇರಬಾರದು.

ಒಂದು ಉದಾಹರಣೆ ಹಾಕಿ ನೋಡೋಣ. ದಿನಕ್ಕೆ 15,000 ವ್ಯಾಪಾರ ಅಂದರೆ ತಿಂಗಳಿಗೆ ನಾಲ್ಕೂವರೆ ಲಕ್ಷ. ಕಚ್ಚಾ ಸಾಮಾನು, ಹೊರಗಿಂದ ತಂದು ಮಾರುವ ಮಾಲು ಸೇರಿ 2,70,000. ಬಾಡಿಗೆ 35,000. ಮಾಸ್ಟರ್, ಹೆಲ್ಪರ್, ಕೌಂಟರ್ ಹುಡುಗ ಸೇರಿ ಸಂಬಳ 60,000. ಕರೆಂಟು, ಗ್ಯಾಸು 20,000. ಕವರು, ಬಾಕ್ಸು, ಹಾಳಾಗಿ ಬಿಸಾಡಿದ್ದು, ತೆರಿಗೆ, ಲೆಕ್ಕ ಬರೆಯುವವರ ಫೀಸು ಎಲ್ಲ 15,000. ಒಟ್ಟು ನಾಲ್ಕು ಲಕ್ಷ ಹೋಗಿ ಉಳಿಯುವುದು 50,000. ಇದರಲ್ಲಿ ನೀವು ಗಲ್ಲಾದಲ್ಲಿ ಕೂತ ದುಡಿಮೆಗೆ ಸಂಬಳ ಹಾಕಿಲ್ಲ ಅನ್ನುವುದನ್ನು ನೆನಪಿಡಿ. ತಾನೇ ಕೂತು ನಡೆಸುವವರಿಗೆ ಇದು 50,000 ಕೊಡುವ ಅಂಗಡಿ. ಆಳು ಇಟ್ಟು ನಡೆಸುವವರಿಗೆ, ಆ ಆಳಿಗೆ 25,000 ಕೊಟ್ಟರೆ, ಉಳಿಯುವುದು ಇನ್ನು 25,000 ಅಷ್ಟೇ. ಯಾರಿಗೆ ಮಾರಬೇಕು ಅನ್ನುವುದಕ್ಕೂ ಈ ಲೆಕ್ಕ ದಾರಿ ತೋರಿಸುತ್ತದೆ, ಕೆಳಗೆ ಹೇಳುತ್ತೇನೆ.

ಈಗ ಐಟಿ ರಿಟರ್ನ್ಸ್. ಸಣ್ಣ ವ್ಯಾಪಾರಿಗಳು ಅಂದಾಜು ಲಾಭದ ಪದ್ಧತಿಯಲ್ಲಿ, ಅಂದರೆ ಬ್ಯಾಂಕ್ ಮೂಲಕ ಬಂದ ವಹಿವಾಟಿಗೆ ಶೇ 6, ನಗದಿಗೆ ಶೇ 8 ಅಂತ ತೋರಿಸಿ ಮುಗಿಸುತ್ತಾರೆ. ಮೇಲಿನ ಅಂಗಡಿಯ ವರ್ಷದ ವಹಿವಾಟು 54 ಲಕ್ಷ. ಎಲ್ಲವೂ ಯುಪಿಐ ಅಂದುಕೊಂಡರೆ ಶೇ 6ರಂತೆ ಲಾಭ 3,24,000. ನಿಜವಾದ ಲಾಭ ಆರು ಲಕ್ಷ. ಆ ಶೇಕಡಾವಾರು ಕನಿಷ್ಠ ಮಿತಿ, ನಿಜವಾದ ಲಾಭ ಜಾಸ್ತಿ ಇದ್ದರೆ ಅದನ್ನೇ ತೋರಿಸಬೇಕು. ತೋರಿಸದಿದ್ದರೆ ನಿಮಗೇ ನಷ್ಟ, ಯಾಕಂದ್ರೆ ಕೊಳ್ಳುವವರು ಸಾಲಕ್ಕೆ ಬ್ಯಾಂಕಿಗೆ ಹೋದಾಗ ಅಲ್ಲಿ ನೋಡುವುದು ರಿಟರ್ನ್ಸ್ ಕಾಗದವನ್ನೇ. ಮಾರುವ ಮುಂಚಿನ ಒಂದೆರಡು ವರ್ಷವಾದರೂ ಇದ್ದದ್ದನ್ನು ಇದ್ದ ಹಾಗೆ ತೋರಿಸಿ. ಕಟ್ಟಿದ ತೆರಿಗೆಗಿಂತ ಜಾಸ್ತಿ ಬೆಲೆ ಕೈಗೆ ಬರುತ್ತದೆ.

ಜಿಎಸ್‌ಟಿ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕರ್ನಾಟಕದಲ್ಲಿ ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ, ಹೋಟೆಲ್‌ನಂಥ ಸೇವೆಗೆ 20 ಲಕ್ಷ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮಾಹಿತಿ ಇಟ್ಟುಕೊಂಡು ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಿಗೆ ನೋಟಿಸ್ ಕಳಿಸಿದ್ದು, ಅಂಗಡಿಯವರು ಕ್ಯೂಆರ್ ಬೋರ್ಡ್ ತೆಗೆದು "ಯುಪಿಐ ಇಲ್ಲ, ನಗದು ಮಾತ್ರ" ಅಂತ ಬರೆದು ಹಾಕಿದ್ದು ಎಲ್ಲರಿಗೂ ನೆನಪಿದೆ. ಅವತ್ತಿನಿಂದ ಅಂಗಡಿ ಕೊಳ್ಳುವವರು "ನೋಟಿಸ್ ಏನಾದ್ರೂ ಬಂದಿದ್ಯಾ?" ಅಂತ ಕೇಳುತ್ತಾರೆ. ಸುಮ್ನೆ ಕೇಳುವುದಲ್ಲ. ಕಾನೂನಿನ ಪ್ರಕಾರ ವ್ಯಾಪಾರ ಕೈ ಬದಲಾದಾಗ, ಆ ದಿನದವರೆಗಿನ ಜಿಎಸ್‌ಟಿ ಬಾಕಿಗೆ ಮಾರಿದವರೂ ಕೊಂಡವರೂ ಇಬ್ಬರೂ ಹೊಣೆ. ನೋಟಿಸ್ ಬಂದಿದ್ದರೆ ಉತ್ತರ ಕೊಟ್ಟು, ಮುಗಿಸಿ, ಆ ಕಾಗದವನ್ನೂ ಫೈಲಿನಲ್ಲಿಡಿ. ಮುಚ್ಚಿಟ್ಟರೆ ಕೊನೇ ವಾರದಲ್ಲಿ ಹೊರಗೆ ಬರುತ್ತದೆ.

ಹಂತ 3: ಯಾವ ಲೈಸೆನ್ಸ್ ಜೊತೆಗೆ ಹೋಗುತ್ತದೆ, ಯಾವುದು ಹೋಗಲ್ಲ

"ಎಲ್ಲಾ ಲೈಸೆನ್ಸೂ ಇದೆ, ಹಾಗೇ ಕೊಡ್ತೀನಿ" ಅನ್ನುವ ಮಾತು ಬಹಳ ಕಡೆ ಕೇಳುತ್ತೇವೆ. ಹಾಗೆ ಕೊಡಲು ಬರುವುದಿಲ್ಲ. ಎಫ್‌ಎಸ್‌ಎಸ್‌ಎಐ ಲೈಸೆನ್ಸ್, ಅಂದರೆ ಆಹಾರ ವ್ಯಾಪಾರಕ್ಕೆ ಬೇಕಾದ ಲೈಸೆನ್ಸ್, ನಿಮ್ಮ ಹೆಸರಿನದು, ಹೊಸಬರು ತಮ್ಮ ಹೆಸರಿಗೆ ಹೊಸದಾಗಿ ಮಾಡಿಸಬೇಕು. ಜಿಎಸ್‌ಟಿ ನಂಬರ್ ನಿಮ್ಮ ಪ್ಯಾನ್ ಮೇಲೆ ನಿಂತಿದೆ. ಉದ್ಯಮ್ ಅನ್ನುವ ಸಣ್ಣ ಉದ್ದಿಮೆಗಳ ನೋಂದಣಿಯೂ ಹಾಗೇ. ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಿಸುವುದು, ಅದನ್ನೂ ಹೊಸಬರು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಟ್ರೇಡ್ ಲೈಸೆನ್ಸ್‌ಗೆ ಪಾಲಿಕೆಗೆ ಹೋಗಬೇಕು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದಿವೆ, ನಿಮ್ಮ ಅಂಗಡಿ ಯಾವುದಕ್ಕೆ ಸೇರುತ್ತದೆ ಅಂತ ನೋಡಿಕೊಳ್ಳಿ. ಬೇರೆ ಊರುಗಳಲ್ಲಿ ನಗರಸಭೆ, ಪುರಸಭೆ ಅಥವಾ ಗ್ರಾಮ ಪಂಚಾಯ್ತಿ.

ಹಾಗಾದರೆ ನಿಮ್ಮ ಲೈಸೆನ್ಸ್‌ಗಳನ್ನು ಚಾಲ್ತಿಯಲ್ಲಿಡುವುದು ಯಾಕೆ? ಈ ಜಾಗದಲ್ಲಿ, ಈ ವ್ಯಾಪಾರಕ್ಕೆ ಲೈಸೆನ್ಸ್ ಸಿಗುತ್ತದೆ ಅನ್ನುವುದಕ್ಕೆ ಅದೇ ಸಾಕ್ಷಿ. ಮನೆಗಳ ಮಧ್ಯೆ ಸಣ್ಣ ರಸ್ತೆಯಲ್ಲಿ ಓವನ್ ಇಟ್ಟಿರುವ ಅಂಗಡಿಗಳಿಗೆ ಇದು ತುಂಬಾ ಮುಖ್ಯ. ಅವಧಿ ಮುಗಿದಿದ್ದರೆ ಈಗಲೇ ನವೀಕರಿಸಿ. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅನ್ನುವ ನಿಯಮ, ತೂಕದ ಯಂತ್ರದ ಮುದ್ರೆ, ಇವನ್ನೂ ಸರಿ ಮಾಡಿಡಿ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ರಸ್ಕ್, ಬಿಸ್ಕೆಟ್ ತುಂಬುವ ಕವರ್ ಮೇಲೆ ನಿಮ್ಮ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಮುದ್ರಿಸಿರುತ್ತದೆ. ಹೊಸಬರು ಆ ಕವರ್ ಬಳಸುವ ಹಾಗಿಲ್ಲ. ಮಾರುವ ಮನಸ್ಸಿದ್ದರೆ ಸಾವಿರಗಟ್ಟಲೆ ಕವರ್ ಮುದ್ರಿಸಿ ಗುಡ್ಡೆ ಹಾಕಿಕೊಳ್ಳಬೇಡಿ.

ಅಂಗಡಿ ಹೆಸರಿಗೆ ನಿಜವಾಗಲೂ ಬೆಲೆ ಇದ್ದರೆ, ಅಂದರೆ ಜನ ಹೆಸರು ಹೇಳಿಕೊಂಡು ಬರುತ್ತಿದ್ದರೆ, ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಿ. ಆನ್‌ಲೈನ್‌ನಲ್ಲಿ ಹಾಕಿದರೆ ಒಬ್ಬ ವ್ಯಕ್ತಿಗೆ ಒಂದು ವರ್ಗಕ್ಕೆ ಶುಲ್ಕ 4,500 ರೂಪಾಯಿ. ಬರೀ "ಅಯ್ಯಂಗಾರ್ ಬೇಕರಿ" ಅಂತಿದ್ದರೆ ಬೇಡ. ಆ ಹೆಸರು ಊರೆಲ್ಲಾ ಇದೆ, ನಿಮ್ಮೊಬ್ಬರದೇ ಅಂತ ಹೇಳಲು ಬರುವುದಿಲ್ಲ.

ಹಂತ 4: ನಿಮ್ಮದು ಯಾವುದು, ನಿಮ್ಮದಲ್ಲದ್ದು ಯಾವುದು

ಅಂಗಡಿಯ ಸಾಮಾನಿನ ಪಟ್ಟಿ ಮಾಡಿ. ಓವನ್, ಮಿಕ್ಸರ್, ಟ್ರೇಗಳು, ಟೇಬಲ್, ಶೋಕೇಸ್, ಡೀಪ್ ಫ್ರೀಜರ್, ತೂಕದ ಯಂತ್ರ, ಯುಪಿಎಸ್. ಯಾವ ವರ್ಷ ತಂದದ್ದು, ಬಿಲ್ ಇದೆಯಾ, ಕೊನೇ ಸಲ ಯಾವಾಗ ರಿಪೇರಿ ಆಯಿತು ಅಂತ ಬರೆಯಿರಿ. ಫೋಟೊ ತೆಗೆಯಿರಿ.

ಅಂಗಡಿಯಲ್ಲಿ ಇರುವುದೆಲ್ಲ ನಿಮ್ಮದಲ್ಲ. ಕೂಲ್ ಡ್ರಿಂಕ್ಸ್ ಕಂಪನಿ ಕೊಟ್ಟ ಗಾಜಿನ ಬಾಗಿಲಿನ ಫ್ರಿಜ್ಜು, ಐಸ್‌ಕ್ರೀಮ್ ಕಂಪನಿಯ ಫ್ರೀಜರ್ರು ಬಹುತೇಕ ಆ ಕಂಪನಿಗಳವು, ನೀವು ಬಳಸಲು ಇಟ್ಟುಕೊಂಡಿದ್ದೀರಿ ಅಷ್ಟೇ. ಪಟ್ಟಿಯಲ್ಲಿ ಸೇರಿಸಿ ಮಾರಿದರೆ ನಾಳೆ ತಕರಾರು. ಯುಪಿಐ ಸೌಂಡ್‌ಬಾಕ್ಸ್ ಕೂಡ ನಿಮ್ಮ ಖಾತೆಗೆ ಕಟ್ಟಿಕೊಂಡದ್ದು. ಓವನ್‌ಗೆ ಮುದ್ರಾ ಸಾಲವೋ ಬೇರೆ ಬ್ಯಾಂಕ್ ಸಾಲವೋ ಇದ್ದು ಯಂತ್ರವೇ ಅಡಮಾನದಲ್ಲಿದ್ದರೆ, ಸಾಲ ತೀರಿಸಿ ಬ್ಯಾಂಕಿನಿಂದ ಎನ್‌ಒಸಿ (ನಮ್ಮ ತಕರಾರಿಲ್ಲ ಅನ್ನುವ ಪತ್ರ) ತರದೆ ಮಾರುವ ಹಾಗಿಲ್ಲ. ಸಾಲ ಇನ್ನೂ ಇದ್ದರೆ ಮೊದಲೇ ಹೇಳಿ. ಬಂದ ದುಡ್ಡಿನಲ್ಲಿ ಇಷ್ಟು ನೇರ ಬ್ಯಾಂಕಿಗೆ ಹೋಗುತ್ತದೆ ಅಂತ ಕರಾರಿನಲ್ಲೇ ಬರೆಸಬಹುದು.

ಬೆಸ್ಕಾಂ ಮೀಟರ್ ಯಾರ ಹೆಸರಿನಲ್ಲಿದೆ ನೋಡಿ. ಸಾಮಾನ್ಯವಾಗಿ ಬಿಲ್ಡಿಂಗ್ ಮಾಲೀಕರದೇ ಇರುತ್ತದೆ, ಆದರೆ ಲೋಡ್ ಜಾಸ್ತಿ ಮಾಡಿಸುವಾಗ ಡೆಪಾಸಿಟ್ ಕಟ್ಟಿದವರು ನೀವಾಗಿರಬಹುದು. ರಸೀದಿ ಹುಡುಕಿಡಿ, ಅದೂ ನಿಮ್ಮ ದುಡ್ಡು.

ಕೆಟ್ಟು ಮೂಲೆಗೆ ಬಿದ್ದ ಸಾಮಾನು ಇವತ್ತೇ ಗುಜರಿಗೆ ಹಾಕಿ. ಗೋಡೆಗೆ ಸುಣ್ಣಬಣ್ಣ, ಒಡೆದ ಟೈಲ್ಸ್, ಮಿಣುಕುವ ಲೈಟು ಇವಿಷ್ಟು ಸರಿ ಮಾಡಿಸಿ. ಹೊಸ ಇಂಟೀರಿಯರ್ ಮಾಡಿಸಲು ಮಾತ್ರ ಹೋಗಬೇಡಿ. ಬರುವವರು ತಮಗೆ ಬೇಕಾದ ಹಾಗೆ ಮಾಡಿಸಿಕೊಳ್ಳುತ್ತಾರೆ, ನೀವು ಹಾಕಿದ ದುಡ್ಡು ಬೆಲೆಯಲ್ಲಿ ವಾಪಸ್ ಬರಲ್ಲ.

ಹಂತ 5: ನೀವಿಲ್ಲದೆ ಅಂಗಡಿ ನಡೆಯುತ್ತದಾ?

ಬೇಕರಿಯ ಜೀವ ಮಾಸ್ಟರ್ ಕೈಯಲ್ಲಿರುತ್ತದೆ. ಖಾರ ಬನ್, ಪಫ್, ದಿಲ್‌ಪಸಂದ್, ಬೆಣ್ಣೆ ಬಿಸ್ಕೆಟ್ ಯಾವುದಕ್ಕೆ ಜನ ಬರುತ್ತಾರೋ ಅದರ ಅಳತೆ ನಿಮಗೋ ಮಾಸ್ಟರ್‌ಗೋ ಬಾಯಲ್ಲಿ ಮಾತ್ರ ಗೊತ್ತಿದ್ದರೆ, ಕೊಳ್ಳುವವರಿಗೆ ಅದು ದೊಡ್ಡ ಭಯ. ಎಲ್ಲಾ ಐಟಂಗಳ ಅಳತೆಯನ್ನು ಗ್ರಾಂ ಲೆಕ್ಕದಲ್ಲಿ, ಓವನ್ ಶಾಖ, ಎಷ್ಟು ಹೊತ್ತು ಅಂತ ಬರೆದಿಡಿ. ಬೆಳಗ್ಗೆ ಏನು ಮೊದಲು ಭಟ್ಟಿಗೆ ಹೋಗಬೇಕು, ಸ್ಕೂಲ್ ಬಿಡುವ ಹೊತ್ತಿಗೆ ಏನು ಬಿಸಿಯಾಗಿರಬೇಕು, ಮಳೆ ಬಂದ ಸಂಜೆ ಎಷ್ಟು ಪಫ್ ಜಾಸ್ತಿ ಹಾಕಬೇಕು, ಹೊಸ ವರ್ಷದ ಕೇಕ್‌ಗೆ ಆರ್ಡರ್ ಎಂದಿನಿಂದ ತೆಗೆದುಕೊಳ್ಳಬೇಕು, ಇದೆಲ್ಲ ನಿಮ್ಮ ತಲೆಯೊಳಗೆ ಇರುವ ಆಸ್ತಿ. ಒಂದು ನೋಟ್‌ಬುಕ್ಕಿಗೆ ಇಳಿಸಿ. ಸರಬರಾಜು ಮಾಡುವವರ ಫೋನ್ ನಂಬರ್, ರೇಟು, ಎಷ್ಟು ದಿನ ಸಾಲ ಕೊಡುತ್ತಾರೆ ಅನ್ನುವುದೂ ಅದರಲ್ಲಿರಲಿ. ಅಳತೆ ಪುಸ್ತಕವನ್ನು ಮಾತ್ರ ಪೂರ್ತಿ ದುಡ್ಡು ಬರುವವರೆಗೆ ಯಾರಿಗೂ ತೋರಿಸಬೇಡಿ, ಅದನ್ನೇ ನೋಡಿಕೊಂಡು ಹೋಗಲು ಬರುವವರೂ ಇದ್ದಾರೆ.

ನಿಧಾನಕ್ಕೆ ಗಲ್ಲಾದಿಂದ ಏಳುವುದು ಅಭ್ಯಾಸ ಮಾಡಿಕೊಳ್ಳಿ. ವಾರಕ್ಕೆ ಎರಡು ಮಧ್ಯಾಹ್ನ ಕೌಂಟರ್ ಹುಡುಗನಿಗೆ ಬಿಟ್ಟು ನೋಡಿ. ನೀವಿಲ್ಲದ ದಿನದ ವ್ಯಾಪಾರವೂ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಆ ಪುಸ್ತಕವೇ ಪಾರ್ಟಿಗೆ ತೋರಿಸುವ ಅತ್ಯುತ್ತಮ ದಾಖಲೆ.

ಕೆಲಸದವರಿಗೆ ಯಾವಾಗ ಹೇಳಬೇಕು? ತೀರಾ ಮುಂಚೆ ಹೇಳಿದರೆ ಮಾಸ್ಟರ್ ಬೇರೆ ಕಡೆ ಹೋಗುತ್ತಾನೆ, ಸಾಲ ಕೊಡುವ ಡಿಸ್ಟ್ರಿಬ್ಯೂಟರ್ ಕೈ ಬಿಗಿ ಮಾಡುತ್ತಾನೆ. ಕೊನೇ ದಿನ ಹೇಳುವುದು ಅನ್ಯಾಯ, ಅವರ ಹೊಟ್ಟೆಪಾಡು ಅದು. ಪಾರ್ಟಿ ಖಚಿತವಾಗಿ, ಅಡ್ವಾನ್ಸ್ ಬಂದ ಮೇಲೆ ಮಾಸ್ಟರ್‌ನ ಕೂರಿಸಿಕೊಂಡು ಹೇಳಿ, ಹೊಸಬರ ಜೊತೆ ಸಂಬಳದ ಮಾತು ನೀವೇ ಮುಂದೆ ನಿಂತು ಆಡಿಸಿ. ಮಾಸ್ಟರ್ ತೆಗೆದುಕೊಂಡಿರುವ ಅಡ್ವಾನ್ಸ್ ಬಾಕಿ ಇದ್ದರೆ ಅದು ಯಾರ ತಲೆಗೆ ಅನ್ನುವುದೂ ಅವತ್ತೇ ತೀರ್ಮಾನ ಆಗಲಿ. ನಿಮ್ಮ ಕಡೆಯ ಸಂಬಳ, ಬೋನಸ್ ಅಂಗಡಿ ಬಿಡುವ ದಿನದವರೆಗೆ ಪೂರ್ತಿ ಚುಕ್ತಾ ಮಾಡಿ.

ಹಂತ 6: ಬೆಲೆ ಹೇಗೆ ಹಾಕುವುದು

ನಾಲ್ಕು ಭಾಗ ಮಾಡಿ. ಯಂತ್ರ, ಸಾಮಾನುಗಳ ಇವತ್ತಿನ ಬೆಲೆ. ಸ್ಟಾಕು. ಗುಡ್‌ವಿಲ್. ಮಾಲೀಕರ ಹತ್ತಿರ ಇರುವ ಅಡ್ವಾನ್ಸ್. ಎಲ್ಲವನ್ನೂ ಸೇರಿಸಿ ಒಂದೇ ಅಂಕಿ ಹೇಳಿದರೆ ಚೌಕಾಸಿಯೂ ಒಂದೇ ಸಲ ಎರಡು ಲಕ್ಷ ಇಳಿಸುತ್ತದೆ. ಬಿಡಿಸಿ ಹೇಳಿದರೆ ಒಂದೊಂದಕ್ಕೂ ಕಾರಣ ಕೊಡಬಹುದು.

ಮೇಲಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಯಂತ್ರಗಳು ಹಳೇ ಸಾಮಾನು ಮಾರುವವರ ಹತ್ತಿರ ವಿಚಾರಿಸಿದರೆ ನಾಲ್ಕು ಲಕ್ಷ ಅಂತಿಟ್ಟುಕೊಳ್ಳಿ. ಗುಡ್‌ವಿಲ್ ಅಂತ ಒಂದು ವರ್ಷದ ಲಾಭ, ಆರು ಲಕ್ಷ. ಅಡ್ವಾನ್ಸ್ ಹತ್ತು ತಿಂಗಳ ಬಾಡಿಗೆ, ಮೂರೂವರೆ ಲಕ್ಷ. ಒಟ್ಟು ಹದಿಮೂರೂವರೆ ಲಕ್ಷ, ಸ್ಟಾಕು ಬೇರೆ. ಅಡ್ವಾನ್ಸ್ ಮುಂದೊಂದು ದಿನ ವಾಪಸ್ ಬರುವ ದುಡ್ಡು, ಅದನ್ನು ಬಿಟ್ಟರೆ ಕೊಳ್ಳುವವರು ನಿಜವಾಗಿ ಹಾಕುವುದು ಹತ್ತು ಲಕ್ಷ. ತಾನೇ ಕೂತು ನಡೆಸಿದರೆ ತಿಂಗಳಿಗೆ 50,000ದಂತೆ 20 ತಿಂಗಳಲ್ಲಿ ವಾಪಸ್. ನನ್ನ ಕಣ್ಣಿಗೆ ಇದು ನ್ಯಾಯವಾದ ಬೆಲೆ. ಎರಡು ವರ್ಷದೊಳಗೆ ದುಡ್ಡು ವಾಪಸ್ ಬರಲ್ಲ ಅಂದರೆ ಬಾಡಿಗೆ ಅಂಗಡಿಗೆ ಯಾರೂ ಧೈರ್ಯ ಮಾಡಲ್ಲ, ಅದರಲ್ಲೂ ಬಾಡಿಗೆ ಕರಾರು ಗಟ್ಟಿ ಇಲ್ಲದಿದ್ದರೆ. ನೋಂದಾಯಿತ ಐದು ವರ್ಷದ ಕರಾರು ಇದ್ದರೆ ಗುಡ್‌ವಿಲ್ ಇನ್ನೂ ಸ್ವಲ್ಪ ಏರಿಸಿ ಕೇಳಬಹುದು.

"ಇಂಟೀರಿಯರ್‌ಗೇ ಎಂಟು ಲಕ್ಷ ಹಾಕಿದ್ದೆ" ಅನ್ನುವುದು ಬೆಲೆಗೆ ಆಧಾರವಲ್ಲ. ಅದು ನಿಮಗೆ ಸಂಕಟದ ಮಾತು, ಅರ್ಥ ಆಗುತ್ತದೆ, ಆದರೆ ಕೊಳ್ಳುವವರು ನಾಳೆಯ ಆದಾಯಕ್ಕೆ ದುಡ್ಡು ಕೊಡುತ್ತಾರೆಯೇ ಹೊರತು ನಿಮ್ಮ ನಿನ್ನೆಯ ಖರ್ಚಿಗಲ್ಲ.

ಹಂತ 7: ಯಾವಾಗ, ಯಾರಿಗೆ

ಪಂಚಾಂಗ ನೋಡದೆ ಅಂಗಡಿ ಮಾರಲು ಹೊರಡಬೇಡಿ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಹೊಸ ಅಂಗಡಿಗೆ ಕಾಲಿಡುವವರು ಕಡಿಮೆ. ಆದರೆ ಆಷಾಢದಲ್ಲಿ ಹುಡುಕಾಟ ನಡೆದೇ ಇರುತ್ತದೆ, ಶ್ರಾವಣಕ್ಕೆ ಶುರು ಮಾಡಬೇಕು ಅಂತ. ಹಾಗಾಗಿ ಆಷಾಢದಲ್ಲಿ ಜಾಹೀರಾತು, ಶ್ರಾವಣದಲ್ಲಿ ಪೂಜೆ ಅಂತ ಇಟ್ಟುಕೊಂಡರೆ ಸರಿಹೋಗುತ್ತದೆ. ಯುಗಾದಿ, ಅಕ್ಷಯ ತೃತೀಯ, ವಿಜಯದಶಮಿಗೂ ಹೀಗೇ ಒಂದೆರಡು ತಿಂಗಳು ಹಿಂದಿನಿಂದ ಲೆಕ್ಕ ಹಾಕಿ.

ಇನ್ನು ಯಾರಿಗೆ? ಮೊದಲು ಹತ್ತಿರದಲ್ಲೇ ನೋಡಿ. ಬೇಕರಿ ಲೈನ್‌ನಲ್ಲಿ ಹತ್ತು ವರ್ಷ ದುಡಿದು, ಊರಿನ ಜಮೀನಿನ ಮೇಲೋ ಚೀಟಿ ಎತ್ತಿಯೋ ದುಡ್ಡು ಹೊಂದಿಸಿ, ಸ್ವಂತ ಅಂಗಡಿ ಮಾಡಬೇಕು ಅಂತಿರುವ ಮಾಸ್ಟರ್‌ಗಳು ಎಷ್ಟೋ ಜನ. ಇವರೇ ನಿಮಗೆ ಸರಿಯಾದ ಪಾರ್ಟಿ. ತಾವೇ ಕೂತು ನಡೆಸುತ್ತಾರೆ, ಹಾಗಾಗಿ 50,000 ಉಳಿಯುವ ಅಂಗಡಿಯಾಗಿಯೇ ಅವರಿಗೆ ಕಾಣುತ್ತದೆ. ಬೆಂಗಳೂರಿನ ಬೇಕರಿಗಳಲ್ಲಿ ಹಾಸನದ ಕಡೆಯವರು ಬಹಳ, ಹೋಟೆಲ್‌ಗಳಲ್ಲಿ ಉಡುಪಿ, ಕುಂದಾಪುರದ ಕಡೆಯವರು. ಊರಿನವರ ವಾಟ್ಸಾಪ್ ಗುಂಪು, ಸಮುದಾಯದ ಸಂಘ, ಮದುವೆ ಮನೆಯ ಮಾತು, ಇಲ್ಲಿ ಒಂದು ಸಲ ಸುದ್ದಿ ಬಿದ್ದರೆ ಸಾಕು. ಎರಡನೆಯದು, ಮೈದಾ, ಡಾಲ್ಡಾ, ಕೇಕ್ ಸಾಮಾನು ಹಾಕುವ ಡಿಸ್ಟ್ರಿಬ್ಯೂಟರ್‌ಗಳು. ಯಾರು ಎರಡನೇ ಅಂಗಡಿ ಹುಡುಕುತ್ತಿದ್ದಾರೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಬ್ರೋಕರ್‌ಗೂ ಗೊತ್ತಿರಲ್ಲ. ನಂಬಿಕಸ್ತರಾದ ಒಬ್ಬಿಬ್ಬರಿಗೆ ಮಾತ್ರ ಹೇಳಿ. ಮೂರನೆಯವರು ಕೆಲಸ ಬಿಟ್ಟು ವ್ಯಾಪಾರಕ್ಕಿಳಿಯಬೇಕು ಅಂತಿರುವವರು. ಇವರಿಗೆ ಅನುಭವ ಕಡಿಮೆ, ಪ್ರಶ್ನೆ ಜಾಸ್ತಿ. ತಾಳ್ಮೆಯಿಂದ ಉತ್ತರ ಕೊಡಿ, ಲಾಭವನ್ನು ಉಬ್ಬಿಸಿ ಹೇಳಬೇಡಿ. ಅವರ ಜೀವಮಾನದ ಉಳಿತಾಯ ಅದು.

ಇದೆಲ್ಲ ಆದ ಮೇಲೆ ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಪೇಪರಿನ ಕ್ಲಾಸಿಫೈಡ್. ಜಾಹೀರಾತಿನಲ್ಲಿ ಅಂಗಡಿ ಹೆಸರು ಹಾಕಬೇಡಿ, ಏರಿಯಾ ಸಾಕು. ಹೀಗಿರಲಿ:

"ಬೆಂಗಳೂರು ದಕ್ಷಿಣದಲ್ಲಿ ಶಾಲೆ, ಬಸ್ ಸ್ಟಾಪ್ ಹತ್ತಿರ ನಡೆಯುತ್ತಿರುವ ಬೇಕರಿ ಮಾರಾಟಕ್ಕಿದೆ. 12 ವರ್ಷದ ಅಂಗಡಿ. ದಿನಕ್ಕೆ ಸರಾಸರಿ 15,000 ವ್ಯಾಪಾರ, ಒಂದು ವರ್ಷದ ದಾಖಲೆ ಇದೆ. ಬಾಡಿಗೆ 35,000. ಮಾಲೀಕರು ಹೊಸ 5 ವರ್ಷದ ಕರಾರಿಗೆ ಒಪ್ಪಿದ್ದಾರೆ. ಓವನ್, ಮಿಕ್ಸರ್ ಸಹಿತ. ಊರಿಗೆ ಹೋಗುತ್ತಿರುವುದರಿಂದ ಮಾರಾಟ."

ಮಾರುವ ಕಾರಣ ಬರೆಯಲೇಬೇಕು. ಬರೆಯದಿದ್ದರೆ ಓದಿದವರು ತಾವೇ ಒಂದು ಕಾರಣ ಕಲ್ಪಿಸಿಕೊಳ್ಳುತ್ತಾರೆ, ಅದು ಯಾವಾಗಲೂ ಕೆಟ್ಟದ್ದೇ ಆಗಿರುತ್ತದೆ. ಬ್ರೋಕರ್ ಮೂಲಕ ಹೋದರೆ ಕಮಿಷನ್ ಎಷ್ಟು, ಯಾವಾಗ ಅಂತ ಮೊದಲೇ ಮಾತಾಡಿ, ವ್ಯವಹಾರ ಮುಗಿದ ಮೇಲೆಯೇ ಕೊಡಿ. ಪಾರ್ಟಿ ತರುವ ಮುಂಚೆಯೇ ಫೀಸು ಕೇಳುವವರನ್ನು ದೂರ ಇಡಿ.

ಹಂತ 8: ಬಂದವರನ್ನು ಅಳೆಯಿರಿ

ಹತ್ತು ಜನ ಬಂದರೆ ಎಂಟು ಜನ ಸುಮ್ನೆ ನೋಡಿ ಹೋಗುವವರು. ಫೋನಿನಲ್ಲೇ ಮೂರು ವಿಷಯ ಕೇಳಿ: ಈ ಲೈನ್‌ನಲ್ಲಿ ಅನುಭವ ಇದೆಯಾ, ದುಡ್ಡು ಕೈಯಲ್ಲಿದೆಯಾ ಅಥವಾ ಸಾಲ ಆಗಬೇಕಾ, ಯಾವಾಗ ಶುರು ಮಾಡಬೇಕು ಅಂತಿದ್ದೀರಿ. ಪೂರ್ತಿ ಲೆಕ್ಕ ಮೊದಲ ದಿನವೇ ತೋರಿಸಬೇಡಿ. ಮೊದಲ ಭೇಟಿಗೆ ಗಿರಾಕಿಯಂತೆ ಬಂದು ಕಾಫಿ ಕುಡಿದು ಅಂಗಡಿ ನೋಡಲಿ. ಎರಡನೇ ಭೇಟಿಗೆ ತಿಂಗಳವಾರು ಒಟ್ಟು ಅಂಕಿ. ಟೋಕನ್ ಕೊಟ್ಟ ಮೇಲೆ ಬಿಲ್ಲುಗಳು, ಬ್ಯಾಂಕ್ ಸ್ಟೇಟ್‌ಮೆಂಟ್, ರಿಟರ್ನ್ಸ್.

ಟೋಕನ್ ಬಂದ ಮೇಲೆ ಒಂದು ವಾರ ಗಲ್ಲಾ ಪಕ್ಕ ಕೂತು ವ್ಯಾಪಾರ ನೋಡಲು ಬಿಡಿ. ವ್ಯಾಪಾರ ನಿಜ ಇದ್ದರೆ ಇದಕ್ಕಿಂತ ಒಳ್ಳೆ ಮಾತುಗಾರ ನಿಮಗೆ ಬೇಕಿಲ್ಲ. ಆ ವಾರ ನೆಂಟರಿಷ್ಟರನ್ನು ಕರೆಸಿ ಗಿರಾಕಿ ಮಾಡಿಸುವುದು, ಆಫರ್ ಹಾಕಿ ಜನ ಸೇರಿಸುವುದು ಮಾಡಬೇಡಿ, ಅನುಭವಸ್ಥರು ಎರಡನೇ ದಿನಕ್ಕೇ ಕಂಡುಹಿಡಿಯುತ್ತಾರೆ.

ಟೋಕನ್ ಎಷ್ಟೇ ಇರಲಿ, ಬ್ಯಾಂಕ್ ಮೂಲಕ ತೆಗೆದುಕೊಂಡು ಎಷ್ಟು ದಿನಕ್ಕೆ, ಹಿಂದೆ ಸರಿದರೆ ಏನು ಅಂತ ಒಂದು ಕಾಗದ ಬರೆಯಿರಿ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅರ್ಧ ಬಿಳಿ, ಅರ್ಧ ಕಪ್ಪು ಅನ್ನುವ ಪಾರ್ಟಿಗೆ ನಮಸ್ಕಾರ ಹೇಳಿ ಕಳಿಸಿ.

ಹಂತ 9: ಕರಾರು ಪತ್ರ

ಇದನ್ನು ನೋಟರಿ ಅಂಗಡಿಯ ರೆಡಿಮೇಡ್ ಫಾರಂನಲ್ಲಿ ಮುಗಿಸಬೇಡಿ. ಒಬ್ಬ ವಕೀಲರು, ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಇಬ್ಬರ ಹತ್ತಿರವೂ ತೋರಿಸಿ, ಅದೂ ಸಹಿ ಹಾಕುವ ಮುಂಚೆ. ಯಾಕಂದ್ರೆ ಇಡೀ ವ್ಯಾಪಾರವನ್ನು ಒಂದು ಮೊತ್ತಕ್ಕೆ ಮಾರುವುದಕ್ಕೂ, ಯಂತ್ರ, ಸ್ಟಾಕು ಅಂತ ಬಿಡಿಬಿಡಿಯಾಗಿ ಮಾರುವುದಕ್ಕೂ ತೆರಿಗೆ ಬೇರೆ ಬೇರೆ. ನಡೆಯುತ್ತಿರುವ ವ್ಯಾಪಾರವನ್ನು ಪೂರ್ತಿಯಾಗಿ ವರ್ಗಾಯಿಸಿದರೆ ಆ ವರ್ಗಾವಣೆಗೆ ಜಿಎಸ್‌ಟಿ ಇಲ್ಲ. ಆದಾಯ ತೆರಿಗೆಯಲ್ಲಿ, ಮೂರು ವರ್ಷಕ್ಕಿಂತ ಹಳೇ ವ್ಯಾಪಾರವನ್ನು ಒಂದೇ ಮೊತ್ತಕ್ಕೆ ಮಾರಿದರೆ ದೀರ್ಘಾವಧಿ ಲಾಭ ಅಂತ ಶೇ 12.5 ಬೀಳುತ್ತದೆ, ಅದಕ್ಕೆ ಸಿಎ ವರದಿ ಬೇಕು. ನೀವೇ ಬೆಳೆಸಿದ ಗುಡ್‌ವಿಲ್‌ಗೆ ಕೊಂಡ ಬೆಲೆ ಅಂತ ಏನೂ ಇಲ್ಲದ್ದರಿಂದ, ಅದಕ್ಕೆ ಬಂದದ್ದೆಲ್ಲ ಲಾಭವೇ. ಕೈಗೆ ಎಷ್ಟು ಉಳಿಯುತ್ತದೆ ಅಂತ ಬೆಲೆ ಒಪ್ಪುವ ಮುಂಚೆಯೇ ತಿಳಿದುಕೊಳ್ಳಿ.

ಕರಾರಿನಲ್ಲಿ ಇರಲೇಬೇಕಾದ್ದು: ಸಾಮಾನಿನ ಪಟ್ಟಿ, ಯಾವ ದಿನದವರೆಗಿನ ಬಾಕಿ ಯಾರದ್ದು, ದುಡ್ಡು ಯಾವ ಕಂತಿನಲ್ಲಿ, ಕೆಲಸದವರ ವಿಷಯ, ಹೆಸರು ಬಳಸಬಹುದಾ, ನೀವು ಎಷ್ಟು ದಿನ ಜೊತೆಗಿದ್ದು ಹೇಳಿಕೊಡುತ್ತೀರಿ. ಜೊತೆಗೆ, ನೀವು ಪಕ್ಕದ ರಸ್ತೆಯಲ್ಲೇ ಇನ್ನೊಂದು ಬೇಕರಿ ಹಾಕಬಾರದು ಅನ್ನುವ ಷರತ್ತು. ಕೊಳ್ಳುವವರು ಕೇಳೇ ಕೇಳುತ್ತಾರೆ. ಗುಡ್‌ವಿಲ್ ಮಾರಿದವರಿಗೆ ಇಂಥ ಷರತ್ತು ಹಾಕಲು 1872ರ ಕರಾರು ಕಾಯ್ದೆಯಲ್ಲೇ ಅವಕಾಶ ಇದೆ, ಪ್ರದೇಶದ ಮಿತಿ ನ್ಯಾಯವಾಗಿರಬೇಕು ಅಷ್ಟೇ. ಎರಡು ಕಿಲೋಮೀಟರ್, ಮೂರು ವರ್ಷ ಅಂತ ಸ್ಪಷ್ಟವಾಗಿ ಬರೆಸಿ, "ಬೆಂಗಳೂರಿನಲ್ಲೆಲ್ಲೂ ಇಲ್ಲ" ಅನ್ನುವುದಕ್ಕೆ ಒಪ್ಪಬೇಡಿ.

ಕಂತಿನ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಿ. ಅರ್ಧ ಕೊಟ್ಟು ಅಂಗಡಿ ಹಿಡಿದು, ಮಿಕ್ಕಿದ್ದಕ್ಕೆ "ವ್ಯಾಪಾರ ಡಲ್ ಸಾರ್" ಅನ್ನುವ ಕಥೆ ಮಾಮೂಲಿ. ಬೀಗದ ಕೈ ಕೊಡುವ ಮುಂಚೆ ಪೂರ್ತಿ ದುಡ್ಡು ಬರುವುದೇ ಒಳ್ಳೆಯದು. ಬಿಡಲೇಬೇಕಾದರೆ ಶೇ 10ಕ್ಕಿಂತ ಜಾಸ್ತಿ ಬಿಡಬೇಡಿ, ಅದಕ್ಕೂ ದಿನಾಂಕ ಹಾಕಿದ ಚೆಕ್ ಇರಲಿ.

ಹಂತ 10: ಬಿಟ್ಟುಕೊಡುವ ದಿನ, ಅದರ ಮಾರನೆಯ ದಿನ

ಹಿಂದಿನ ರಾತ್ರಿ ಶಟರ್ ಇಳಿಸಿ ಇಬ್ಬರೂ ಕೂತು ಸ್ಟಾಕ್ ಎಣಿಸಿ, ಖರೀದಿ ಬೆಲೆಗೆ ಲೆಕ್ಕ ಹಾಕಿ ಅಲ್ಲೇ ಚುಕ್ತಾ ಮಾಡಿ. ದಿನಾಂಕ ಮುಗಿದದ್ದು ಎಣಿಕೆಗೆ ಬರಬಾರದು. ಮುಂದಿನ ವಾರದ ಕೇಕ್ ಆರ್ಡರ್‌ಗಳಿಗೆ ನೀವು ತೆಗೆದುಕೊಂಡ ಅಡ್ವಾನ್ಸ್ ಹೊಸಬರಿಗೆ ವರ್ಗಾಯಿಸಿ. ಟೀ ಅಂಗಡಿಗಳಿಗೆ ಸಾಲದಲ್ಲಿ ಹಾಕಿದ ಬನ್ನಿನ ಬಾಕಿ ನೀವೇ ವಸೂಲಿ ಮಾಡಿಕೊಳ್ಳಿ. ಮೀಟರ್ ರೀಡಿಂಗ್ ಫೋಟೊ ತೆಗೆಯಿರಿ.

ಈಗ ಇಡೀ ಬರಹದಲ್ಲೇ ನಾನು ಅತಿ ಜೋರಾಗಿ ಹೇಳಬೇಕಾದ ಮಾತು. ಬೀಗದ ಕೈ ಕೊಟ್ಟ ಕ್ಷಣದಿಂದ ನಿಮ್ಮ ಕ್ಯೂಆರ್ ಆ ಕೌಂಟರ್ ಮೇಲೆ ಇರಬಾರದು. "ಹೊಸ ಕ್ಯೂಆರ್ ಬರೋವರೆಗೆ ಒಂದು ತಿಂಗಳು ನಿಮ್ಮದೇ ಇರಲಿ ಸಾರ್, ರಾತ್ರಿ ಲೆಕ್ಕ ಮಾಡಿ ಕಳಿಸಿ" ಅಂತ ಕೇಳುತ್ತಾರೆ. ಬೇಡ. ಅವರ ವ್ಯಾಪಾರ ನಿಮ್ಮ ಖಾತೆಗೆ ಬಂದರೆ ಇಲಾಖೆಯ ಕಣ್ಣಿಗೆ ಅದು ನಿಮ್ಮ ವಹಿವಾಟು. ಹಾಗೆಯೇ ನಿಮ್ಮ ಜಿಎಸ್‌ಟಿ ನಂಬರ್, ಎಫ್‌ಎಸ್‌ಎಸ್‌ಎಐ ನಂಬರ್ ಬಳಸಿ ಅವರು ಅಂಗಡಿ ನಡೆಸಬಾರದು. ತಿಂದವರಿಗೆ ಏನಾದರೂ ಆದರೆ ಮೊದಲ ನೋಟಿಸ್ ಬರುವುದು ಲೈಸೆನ್ಸಿನಲ್ಲಿ ಹೆಸರಿರುವವರಿಗೆ. ಹೊಸಬರ ಲೈಸೆನ್ಸ್ ಬರುವುದು ತಡವಾದರೆ ಬಿಟ್ಟುಕೊಡುವ ದಿನವನ್ನೇ ಮುಂದೆ ಹಾಕಿ.

ಸ್ವಿಗ್ಗಿ, ಝೊಮ್ಯಾಟೊ ಖಾತೆಗೂ ಇದೇ ಮಾತು, ಮಾಲೀಕತ್ವ ಬದಲಾವಣೆಗೆ ಅವರಿಗೆ ಬರೆದು ಬ್ಯಾಂಕ್ ವಿವರ ಬದಲಾಯಿಸಿ. ಗೂಗಲ್ ಮ್ಯಾಪ್‌ನಲ್ಲಿರುವ ಅಂಗಡಿ ಪುಟವನ್ನು ಹೊಸಬರ ಇಮೇಲ್‌ಗೆ ವರ್ಗಾಯಿಸಿ, ಅದರಲ್ಲಿರುವ ರಿವ್ಯೂಗಳೂ ಅವರು ದುಡ್ಡು ಕೊಟ್ಟು ಕೊಂಡ ಗುಡ್‌ವಿಲ್‌ನ ಭಾಗ.

ಮೊದಲ ಎರಡು ವಾರ ಬೆಳಗ್ಗೆ, ಸಂಜೆ ಅಂಗಡಿಗೆ ಹೋಗಿ ನಿಲ್ಲಿ. ಕಾಯಂ ಗಿರಾಕಿಗಳಿಗೆ "ಇವರು ಇನ್ನು ಮುಂದೆ, ಮಾಸ್ಟರ್ ಅವರೇ, ರುಚಿ ಅದೇ" ಅಂತ ನೀವೇ ಪರಿಚಯ ಮಾಡಿಕೊಟ್ಟರೆ ಹೊಸಬರಿಗೆ ಬಹಳ ಬಲ.

ಆಮೇಲೆ ಜಿಎಸ್‌ಟಿ. ನೀವು ಸಾಮಾನ್ಯ ಪದ್ಧತಿಯಲ್ಲಿದ್ದು ಇನ್‌ಪುಟ್ ಕ್ರೆಡಿಟ್ (ಖರೀದಿ ಮೇಲೆ ಕಟ್ಟಿದ ಜಿಎಸ್‌ಟಿಯ ಜಮೆ) ಉಳಿದಿದ್ದರೆ ಐಟಿಸಿ-02 ಫಾರಂ ಮೂಲಕ ಹೊಸಬರಿಗೆ ವರ್ಗಾಯಿಸಬಹುದು, ಸಿಎ ಪ್ರಮಾಣಪತ್ರ ಬೇಕು, ಅವರು ಪೋರ್ಟಲ್‌ನಲ್ಲಿ ಒಪ್ಪಿಕೊಳ್ಳಬೇಕು. ಇದನ್ನು ನೋಂದಣಿ ರದ್ದು ಮಾಡುವ ಮುಂಚೆಯೇ ಮುಗಿಸಿ. ಕಾಂಪೊಸಿಷನ್‌ನಲ್ಲಿದ್ದರೆ, ಅಂದರೆ ವಹಿವಾಟಿನ ಮೇಲೆ ಇಂತಿಷ್ಟು ಶೇಕಡಾ ಅಂತ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳ ಪದ್ಧತಿಯಲ್ಲಿದ್ದರೆ, ಈ ಕೆಲಸ ಇಲ್ಲ. ನಂತರ ರದ್ದತಿಗೆ ಅರ್ಜಿ ಹಾಕಿ. ಸಾಮಾನ್ಯ ಪದ್ಧತಿಯಲ್ಲಿದ್ದವರು ರದ್ದಾದ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಅನ್ನುವ ಅಂತಿಮ ರಿಟರ್ನ್ ಕೂಡ ಸಲ್ಲಿಸಬೇಕು. ಟ್ರೇಡ್ ಲೈಸೆನ್ಸ್, ಎಫ್‌ಎಸ್‌ಎಸ್‌ಎಐ, ಅಂಗಡಿ ನೋಂದಣಿ ಮೂರನ್ನೂ ನಿಮ್ಮ ಹೆಸರಿನಿಂದ ತೆಗೆಸಿ, ಒಪ್ಪಿಗೆ ಪತ್ರದ ಪ್ರತಿ ತೆಗೆದಿಡಿ. ಮಾಲೀಕರಿಂದ ಅಡ್ವಾನ್ಸ್ ಚುಕ್ತಾ ಆಯಿತು, ಹಳೇ ಕರಾರು ಮುಗಿಯಿತು ಅಂತ ಸಹಿ ಮಾಡಿಸಿಕೊಳ್ಳಿ. ಬಿಲ್ಲು, ಲೆಕ್ಕದ ಪುಸ್ತಕ, ಮಾರಾಟದ ಕರಾರು ಇರುವ ಪೆಟ್ಟಿಗೆಯನ್ನು ಹೊಸಬರ ಅಂಗಡಿ ಅಟ್ಟದಲ್ಲಿ ಬಿಟ್ಟು ಬರಬೇಡಿ. ಜಿಎಸ್‌ಟಿ ದಾಖಲೆಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೇ ದಿನಾಂಕದಿಂದ ಆರು ವರ್ಷ ಇಟ್ಟುಕೊಳ್ಳಬೇಕು, ಆ ಪೆಟ್ಟಿಗೆ ನಿಮ್ಮ ಮನೆಯಲ್ಲೇ ಇರಲಿ.